ಹಳದಿ ಕೂರುತ್ತಿಲ್ಲವೆಂದು ಬೊಂಬೆಯ ಮುಖ ಮುಚ್ಚಬೇಡಿ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ದಸರೆಗೆ ಬೊಂಬೆ ಕೂರಿಸುವ, ಕೂರಿಸುವ ಮುಂಚೆ ಅವಕ್ಕೆ ಮನೆಯಲ್ಲೇ ಬಣ್ಣ ಹಚ್ಚುವ ಎಲ್ಲರಿಗೂ,



ಪಿತೃಪಕ್ಷ ಹತ್ತಿರವಾಗುತ್ತಿದ್ದಂತೆ ನಮ್ಮ ಕಡೆ ಅಟ್ಟದಿಂದ ಟ್ರಂಕುಗಳು ಇಳಿಯುತ್ತವೆ. ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಬೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಒಂದರ ಸೆರಗು ಮಾಸಿರುತ್ತದೆ, ಇನ್ನೊಂದರ ಕಿರೀಟದ ಚಿನ್ನ ಉದುರಿರುತ್ತದೆ, ಶೆಟ್ಟಿಯ ಹೊಟ್ಟೆಯ ಮೇಲೆ ಬಿಳಿ ಮಣ್ಣು ಕಾಣುತ್ತಿರುತ್ತದೆ. ಮಕ್ಕಳ ಡ್ರಾಯಿಂಗ್ ಡಬ್ಬಿಯಿಂದಲೋ ಅಂಗಡಿ ಬೀದಿಯಿಂದಲೋ ಬಣ್ಣ ಬರುತ್ತದೆ. ಆಮೇಲೆ ಎಲ್ಲ ಮನೆಯಲ್ಲೂ ಒಂದೇ ದೂರು. ಕಪ್ಪು ಕೂತಿತು, ಆಕಾಶನೀಲಿ ಕೂತಿತು, ಹಸಿರೂ ಪರವಾಗಿಲ್ಲ. ಈ ಹಳದಿ ಮಾತ್ರ ಎಷ್ಟು ಬಳಿದರೂ ತಳ ಮುಚ್ಚುವುದಿಲ್ಲ. ಕೆಂಪೂ ಹಾಗೇ. ಕಿತ್ತಳೆ, ಗುಲಾಬಿ, ಹೊಳೆಯುವ ಗಿಳಿಹಸಿರು ಇವುಗಳ ಕಥೆಯಂತೂ ಕೇಳಲೇಬೇಡಿ.

ಈ ಪತ್ರ ಬರೆಯುತ್ತಿರುವುದು ಆ ದೂರಿನ ಬಗ್ಗೆ ಅಲ್ಲ, ಅದಕ್ಕೆ ನಾವು ಕಂಡುಕೊಂಡಿರುವ ಪರಿಹಾರದ ಬಗ್ಗೆ. ತಳ ಕಾಣುತ್ತದೆಯೇ, ಇನ್ನೊಂದು ಕೈ ದಪ್ಪಗೆ ಹೊಡಿ. ಇನ್ನೂ ಕಾಣುತ್ತದೆಯೇ, ಬಾಗಿಲಿಗೆ ತಂದ ಎನಾಮೆಲ್ ಮಿಕ್ಕಿದೆ, ಅದನ್ನೇ ಹೊಡಿ. ಹೀಗೆ ಪ್ರತಿ ದಸರೆಗೂ ಒಂದು ಪದರ ಏರಿ ಏರಿ ಅಜ್ಜಿಯ ಕಾಲದ ಬೊಂಬೆಗಳ ಮುಖವೇ ಹೂತುಹೋಗಿದೆ. ಮೂಗಿದ್ದಲ್ಲಿ ಒಂದು ಉಬ್ಬು, ತುಟಿಯಿದ್ದಲ್ಲಿ ಒಂದು ಕೆಂಪು ಗೀಟು, ಬೆರಳುಗಳೆಲ್ಲ ಸೇರಿ ಒಂದು ಮುದ್ದೆ. ಬಣ್ಣ ಕೊನೆಗೂ ಕೂತಿರುತ್ತದೆ, ಬೊಂಬೆ ಎದ್ದುಹೋಗಿರುತ್ತದೆ. ನಾನು ಬಣ್ಣ ಮಾರುವವನಲ್ಲ, ರಸಾಯನಶಾಸ್ತ್ರದ ಮೇಷ್ಟ್ರೂ ಅಲ್ಲ. ಬೊಂಬೆ ಕೂರಿಸುವ ಮನೆಯಲ್ಲಿ ಬೆಳೆದು, ಕುಂಚ ಹಿಡಿಯುವ ಚಟ ಬಿಡದವನು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹಳದಿ ಕೂರದಿರುವುದಕ್ಕೆ ನಿಮ್ಮ ಕೈ ಕಾರಣವಲ್ಲ, ಕುಂಚವೂ ಅಲ್ಲ, ಬೊಂಬೆಯ ಮಣ್ಣಂತೂ ಅಲ್ಲ. ಅಂಗಡಿಯವನು ಮೋಸ ಮಾಡಿದ ಎಂದೂ ಅಂದುಕೊಳ್ಳಬೇಡಿ. ಮುಚ್ಚುವುದು ಎಂಬುದು ಪ್ರತಿ ಬಣ್ಣದ ಹುಟ್ಟುಗುಣ. ಕೆಲವಕ್ಕೆ ಅದು ಇದೆ, ಕೆಲವಕ್ಕೆ ಇಲ್ಲ.

ಇದನ್ನು ನೀವು ಈಗಾಗಲೇ ನೋಡಿದ್ದೀರಿ. ಗೋಡೆಗೆ ಸುಣ್ಣ ಹೊಡೆಯುವಾಗ ಹಸಿಯಿದ್ದಷ್ಟು ಹೊತ್ತು ಅದು ನೀರು ಬಳಿದ ಹಾಗೆ ಕಾಣುತ್ತದೆ, ಹಿಂದಿನ ಮಸಿಯೆಲ್ಲ ನಿಚ್ಚಳವಾಗಿ ತೋರುತ್ತದೆ. ಒಣಗಿದ ಮೇಲೆ ಅದೇ ಗೋಡೆ ಬೆಳ್ಳಗೆ. ಸುಣ್ಣದ ಕಣಗಳ ನಡುವೆ ನೀರಿದ್ದಾಗ ಬೆಳಕು ಹೆಚ್ಚು ತಡೆಯಿಲ್ಲದೆ ಒಳಹೋಗಿ ತಳದ ಮಸಿಯನ್ನು ಮುಟ್ಟಿ ಬರುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಬೆಳಕು ಕಣಕಣಕ್ಕೂ ಬಾಗಿ, ಚೆದುರಿ, ಮೇಲಿನಿಂದಲೇ ನಮ್ಮ ಕಣ್ಣಿಗೆ ವಾಪಸು ಬರುತ್ತದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದಕ್ಕೆ ಪ್ರತಿ ವಸ್ತುವಿಗೂ ಒಂದು ಅಂಕಿಯಿದೆ, ಶಾಲೆಯ ಪುಸ್ತಕದಲ್ಲಿ ಅದನ್ನು ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಗಾಳಿಗೆ 1, ನೀರಿಗೆ 1.33, ಬಣ್ಣವನ್ನು ಹಿಡಿದಿಡುವ ಎಣ್ಣೆ, ಅಕ್ರಿಲಿಕ್ ಅಂಟುಗಳಿಗೆ ಸುಮಾರು 1.5. ಸೀಮೆಸುಣ್ಣದ ಪುಡಿ 1.6ರ ಸುತ್ತಮುತ್ತ. ಅಂಟಿಗೂ ಸೀಮೆಸುಣ್ಣಕ್ಕೂ ಇರುವ ಅಂತರ ಇಷ್ಟೇ ಇಷ್ಟು. ಅದಕ್ಕೇ ಎಣ್ಣೆಯಲ್ಲಿ ಕಲಸಿದ ಸೀಮೆಸುಣ್ಣ ಏನನ್ನೂ ಮುಚ್ಚುವುದಿಲ್ಲ. ಜಿಂಕ್ ವೈಟ್ 2ರಷ್ಟು, ಪರವಾಗಿಲ್ಲ. ಟೈಟಾನಿಯಂ ವೈಟ್ 2.7ರವರೆಗೆ ಹೋಗುತ್ತದೆ. ಅಂತರ ದೊಡ್ಡದಾದಷ್ಟೂ ಮುಚ್ಚುವ ಶಕ್ತಿ ಹೆಚ್ಚು. ಈ ಟೈಟಾನಿಯಂ ಬಹಳ ದೂರದ್ದೇನಲ್ಲ. ಪಕ್ಕದ ಕೇರಳದ ಚವರ ಕಡಲತೀರದ ಕರಿಮರಳಿನಲ್ಲಿದೆ, ಅದರಿಂದ ಬಿಳಿ ತೆಗೆಯುವ ಕಂಪನಿ ತಿರುವನಂತಪುರದಲ್ಲಿ 1946ರಲ್ಲೇ ಸ್ಥಾಪನೆಯಾಯಿತು.

ಇಲ್ಲಿಯೇ ಇನ್ನೊಂದು ಒಗಟಿಗೂ ಉತ್ತರವಿದೆ. ಪೋಸ್ಟರ್ ಕಲರ್ ಹಚ್ಚಿದಾಗ ಚೆನ್ನಾಗಿ ಮುಚ್ಚಿತ್ತು, ಹೊಳಪಿಗೆ ಅಂತ ವಾರ್ನಿಷ್ ಹೊಡೆದ ಮೇಲೆ ತಳ ಮತ್ತೆ ಕಂಡಿತು ಎಂದು ಹಲವರು ಹೇಳುತ್ತಾರೆ. ಅಗ್ಗದ ಪೋಸ್ಟರ್ ಬಣ್ಣದಲ್ಲಿ ಸೀಮೆಸುಣ್ಣದಂಥ ಪುಡಿ ಬಹಳ, ಅಂಟು ಕಡಿಮೆ. ಒಣಗಿದಾಗ ಕಣಗಳ ನಡುವೆ ಗಾಳಿ ಇದ್ದುದರಿಂದ ಮುಚ್ಚಿದ ಹಾಗೆ ಕಂಡಿತ್ತು. ವಾರ್ನಿಷ್ ಹೋಗಿ ಗಾಳಿಯ ಜಾಗ ಹಿಡಿದುಕೊಂಡಿತು, ಸುಣ್ಣದ ಗೋಡೆ ಮತ್ತೆ ಹಸಿಯಾಯಿತು.

ಈಗ ಹಳದಿಯ ವಿಷಯ. ಬಣ್ಣವೊಂದು ತಳವನ್ನು ಮುಚ್ಚುವುದು ಎರಡು ದಾರಿಯಲ್ಲಿ. ಬೆಳಕನ್ನು ಚೆದುರಿಸಿ ವಾಪಸು ಕಳಿಸುವುದು ಒಂದು, ಅದನ್ನು ನುಂಗಿಬಿಡುವುದು ಇನ್ನೊಂದು. ಕಪ್ಪು ಎಲ್ಲವನ್ನೂ ನುಂಗುತ್ತದೆ, ಆದ್ದರಿಂದ ದೀಪದ ಕಾಡಿಗೆಯಷ್ಟು ತೆಳುವಾಗಿದ್ದರೂ ಸಾಕು. ಹಳದಿ ನುಂಗುವುದು ನೀಲಿ ಬೆಳಕನ್ನು ಮಾತ್ರ, ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಆ ಉಳಿದದ್ದು ಕೆಳಗಿಳಿದು ಮಾಸಿದ ಕಂದನ್ನೋ ಹಳೆಯ ಹಸಿರನ್ನೋ ಮುಟ್ಟಿ ಬರುತ್ತದೆ. ಇಂದಿನ ಡಬ್ಬಿಗಳಲ್ಲಿರುವ ಥಳಥಳಿಸುವ ಹಳದಿಗಳು ಬಹುಪಾಲು 20ನೇ ಶತಮಾನದ ಮೊದಲಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸಾವಯವ ಬಣ್ಣಗಳ ವಂಶದವು. ಇವುಗಳ ಕಣ ಅಂಟಿನೊಳಗೆ ಬೆಳಕನ್ನು ಹೆಚ್ಚು ಚೆದುರಿಸುವುದಿಲ್ಲ. ಅಂದರೆ ನುಂಗುವುದೂ ಕಡಿಮೆ, ಚೆದುರಿಸುವುದೂ ಕಡಿಮೆ. ಇಂಥದ್ದರಿಂದ ಮುಚ್ಚು ಎಂದರೆ ಅದು ಎಲ್ಲಿಂದ ಮುಚ್ಚೀತು? ಕೆಂಪು ಸ್ವಲ್ಪ ಮೇಲು. ಆದರೆ ಅದರಲ್ಲೊಂದು ತೊಡಕಿದೆ: ಬಿಳಿ ಬೆರೆಸಿ ಬಲ ಕೊಡೋಣವೆಂದರೆ ಗುಲಾಬಿಯಾಗಿಬಿಡುತ್ತದೆ.

ನಂಜುಂಡೇಶ್ವರನ ಊರಿನವರಿಗೆ ಒಂದು ಉದಾಹರಣೆ. ಶಿವನ ಬೊಂಬೆಗೆ ಬಣ್ಣ ಹಚ್ಚುವಾಗ ಮೈಯ ತಿಳಿನೀಲಿ ಮೊದಲ ಕೈಗೇ ಕೂರುತ್ತದೆ. ಅದು ನೀಲಿಯ ಹೆಚ್ಚುಗಾರಿಕೆಯಲ್ಲ. ತಿಳಿ ಮಾಡಲು ಬೆರೆಸಿದ ಟೈಟಾನಿಯಂ ಬಿಳಿಯ ಕೆಲಸ. ಆಮೇಲೆ ಸೊಂಟದ ಹುಲಿಚರ್ಮಕ್ಕೆ ಬನ್ನಿ, ಅಲ್ಲಿ ಬರೀ ಹಳದಿ, ಅಲ್ಲಿಂದ ಗೋಳು. ನರಸೀಪುರದ ಕಡೆಯವರಿಗೆ ಈ ಗೋಳು ನರಸಿಂಹನ ಪೀತಾಂಬರದಲ್ಲಿ ಎದುರಾಗುತ್ತದೆ. ದಸರಾ ಮೆರವಣಿಗೆಯ ಸೆಟ್ಟು ಇರುವ ಮನೆಗಳಲ್ಲಿ ಎರಡೂ ಒಟ್ಟಿಗೆ: ಸಿಪಾಯಿಗಳ ಕೆಂಪು ಕೋಟು, ಆನೆಯ ಮೇಲೆ ಚಿನ್ನದ ಅಂಬಾರಿ. ಇಂಗ್ಲೆಂಡಿನಲ್ಲಿ 1893ರಿಂದ ವಿಲಿಯಂ ಬ್ರಿಟನ್ ಕಂಪನಿಯವರು ಟೊಳ್ಳು ಸೀಸದಲ್ಲಿ ಎರಕ ಹೊಯ್ದ ಪುಟಾಣಿ ಸಿಪಾಯಿಗಳಿಗೂ ಇದೇ ಕೆಂಪು ಕೋಟು. ಇವತ್ತು ಅದಕ್ಕಿಂತ ಚಿಕ್ಕ, ಹೆಬ್ಬೆರಳಿನಷ್ಟೇ ಎತ್ತರದ ಯುದ್ಧದಾಟದ ಬೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸಿಗಳು ಬೆಂಗಳೂರಿನಿಂದ ಲಂಡನ್‌ವರೆಗೂ ಇದ್ದಾರೆ, ಅವರೂ ಬೈಯುವುದು ಹಳದಿಯನ್ನೇ.

ಹಾಗಾದರೆ ಹಿಂದಿನವರ ಹಳದಿ, ಕೆಂಪು ಹೇಗೆ ಕೂರುತ್ತಿತ್ತು? ಕೂರುತ್ತಿತ್ತು ನಿಜ. ಅದರ ಬೆಲೆ ಬೇರೆ ಇತ್ತು. ಹಳೆಯ ಚಿತ್ರಗಾರರ ಹಳದಿ ಹರಿತಾಳ, ಅದು ಗಂಧಕ ಕೂಡಿದ ಆರ್ಸೆನಿಕ್. ಕೆಂಪು ಇಂಗಳೀಕ, ಅದರಲ್ಲಿರುವುದು ಪಾದರಸ. ಕಿತ್ತಳೆಗೆಂಪಿನ ಸಿಂಧೂರದಲ್ಲಿ ಸೀಸ. ಮೂರೂ ಬೆಳಕನ್ನು ಬಲವಾಗಿ ಬಾಗಿಸುವ ಭಾರದ ಖನಿಜಗಳು, ಮೂರೂ ವಿಷ. 19ನೇ ಶತಮಾನದಲ್ಲಿ ಯೂರೋಪಿನಿಂದ ಬಂದ ಕ್ರೋಮ್ ಹಳದಿಯೂ ಸೀಸದ್ದೇ. ನಮ್ಮ ಅಪ್ಪಂದಿರ ಕಾಲದ ಎನಾಮೆಲ್ ಡಬ್ಬಿಯ ಹಳದಿ ಒಂದೇ ಕೈಗೆ ಗೇಟನ್ನು ಮುಚ್ಚುತ್ತಿದ್ದುದರ ಗುಟ್ಟು ಅದು. ಗೃಹಬಳಕೆ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್‌ನಿಂದ ಅದನ್ನು ತಯಾರಕರಿಗೆ ಕಡ್ಡಾಯ ಮಾಡಿತು. ಈಚಿನ ಹಳದಿ ಮುಂಚಿನಂತೆ ಮುಚ್ಚುವುದಿಲ್ಲ ಎಂಬ ಹಿರಿಯರ ಮಾತು ಸುಳ್ಳಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಬೊಂಬೆಗಳ ಮುಂದೆ ಕೂರುವವರು, ಅವನ್ನು ಎತ್ತಿ ಬಾಯಿಗಿಡುವವರು ಚಿಕ್ಕ ಮಕ್ಕಳು.

ಇದರ ಜೊತೆಗೇ ಒಂದು ಎಚ್ಚರಿಕೆ. ಮೂರು ನಾಲ್ಕು ತಲೆಮಾರಿನ ಹಳೆ ಬೊಂಬೆಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಇರಬಹುದೆಂದೇ ಎಣಿಸಿ. ಉಜ್ಜುಕಾಗದ ಹಿಡಿದು ಒಣಗಿರುವಾಗ ಉಜ್ಜಬೇಡಿ, ಧೂಳು ಎದೆಗೆ ಹೋಗುತ್ತದೆ. ಏಳುತ್ತಿರುವ ಹಕ್ಕಳೆಯನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ತೆಗೆದು ಬಟ್ಟೆಯನ್ನು ಕಸಕ್ಕೆ ಹಾಕಿ, ಕೈ ತೊಳೆಯಿರಿ. ಸುಡದ ಮಣ್ಣಿನ ಬೊಂಬೆಯಾದರೆ ಒದ್ದೆ ಬಟ್ಟೆಯೂ ಬೇಡ, ಮೆತ್ತನೆ ಕುಂಚದಲ್ಲಿ ಹೊರಗೆ ಕೂತು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ. ಈ ಕೆಲಸ ಮಕ್ಕಳಿಗೆ ಕೊಡಬೇಡಿ.

ವಿಷವಿಲ್ಲದೆ ಮುಚ್ಚುವ ಬಣ್ಣವೇ ಇಲ್ಲವೇ? ಇದೆ, ನಮ್ಮ ಹೊಸ್ತಿಲಲ್ಲೇ ಇದೆ. ರಂಗೋಲಿಯ ಸುತ್ತ ಎಳೆಯುವ ಕೆಮ್ಮಣ್ಣು. ದೇವಸ್ಥಾನದ ಗೋಡೆಯ ಸುಣ್ಣ, ಕೆಮ್ಮಣ್ಣಿನ ಪಟ್ಟೆಗಳನ್ನು ನೋಡಿ. ಆ ಕೆಂಪು ಬಳಿದವನು ಎಂದಾದರೂ ತಳ ಕಾಣುತ್ತಿದೆ ಎಂದು ಗೊಣಗಿದ್ದುಂಟೇ? ಅದು ಕಬ್ಬಿಣದ ಆಕ್ಸೈಡು. ಅದರ ತಂಗಿ ಹಳದಿ ಮಣ್ಣು, ಅಂಗಡಿಯಲ್ಲಿ ಯೆಲ್ಲೋ ಓಕರ್. ಇಬ್ಬರೂ ಚೆನ್ನಾಗಿ ಮುಚ್ಚುತ್ತಾರೆ, ಬಿಸಿಲಿಗೆ ಮಾಸುವುದಿಲ್ಲ, ಅಗ್ಗ. ಒಂದೇ ಕೊರತೆ, ಥಳಥಳ ಇಲ್ಲ. ಥಳಥಳ ಇರುವುದಕ್ಕೆ ಮುಚ್ಚುವ ಬಲವಿಲ್ಲ, ಮುಚ್ಚುವುದಕ್ಕೆ ಥಳಥಳವಿಲ್ಲ. ಮುಚ್ಚುವುದರ ಮೇಲೆ ಥಳಥಳಿಸುವುದನ್ನು ಕೂರಿಸಿದರೆ ಕೆಲಸ ಮುಗಿಯಿತು. ಇಡೀ ಪತ್ರದಲ್ಲಿ ಇದೊಂದು ನೆನಪಿದ್ದರೂ ಸಾಕು: ಮುಚ್ಚುವ ಕೆಲಸವನ್ನು ಅಸ್ತರಿಗೆ, ಅಂದರೆ ಕೆಳಗಿನ ಪದರಕ್ಕೆ ಬಿಡಿ, ಮಿನುಗುವ ಕೆಲಸವನ್ನು ಮೇಲಿನ ಬಣ್ಣಕ್ಕೆ ಕೊಡಿ.

ಇದೇನೂ ನನ್ನ ಶೋಧನೆಯಲ್ಲ. ಚನ್ನಪಟ್ಟಣದ ಬುಗುರಿಯ ಹಳದಿ ಯಾಕೆ ಅಷ್ಟು ಹೊಳೆಯುತ್ತದೆ? ಅರಗಿನಲ್ಲಿ ಕಲಸಿದ ಬಣ್ಣ ಏನನ್ನೂ ಮುಚ್ಚಲು ಹೋಗುವುದಿಲ್ಲ. ಕೆಳಗಿರುವ ಹಾಲೆ ಮರ ಬೆಳ್ಳಗಿದೆ, ಬೆಳಕು ಅರಗನ್ನು ದಾಟಿ ಆ ಬಿಳುಪಿಗೆ ತಾಗಿ ಹಳದಿಯಾಗಿ ಹೊರಬರುತ್ತದೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟಿನಲ್ಲಿ ಮಾಡಿದ ಮೆತ್ತೆ ಹಾಕಿ, ಅದರ ಮೇಲೆ ಬಿಳಿಯ ತಳ ಕಟ್ಟಿಕೊಂಡು ಆಮೇಲೆ ಬಣ್ಣಕ್ಕೆ ಹೋಗುತ್ತಾರೆ. ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ರೇಕು ಅಂಟಿಸುವ ಮುನ್ನ ಉಬ್ಬು ಕೆಲಸಕ್ಕೆ ಹಾಕುವ ಮಕ್ಕಿ ಸುಧೆಗೆ ರೇವಲ್ ಚಿನ್ನಿ ಹಾಲು ಬೆರೆಸುತ್ತಾರೆ. ಅದು ಹಳದಿ ಅಂಟು. ಮೇಲಿನ ಚಿನ್ನ ಎಲ್ಲಾದರೂ ಒಂದು ಕೂದಲೆಳೆ ಬಿರಿದರೂ ಒಳಗಿನ ಹಳದಿಯ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ಕೆಲಸ ತೆಗೆದಿರುವುದು ತಳದಿಂದ.

ಈಗ ಮನೆಯ ಮಾತಿಗೆ ಬರೋಣ. ಹುಲಿಚರ್ಮಕ್ಕೆ, ಪೀತಾಂಬರಕ್ಕೆ ಟೈಟಾನಿಯಂ ಬಿಳಿಗೆ ಚಿಟಿಕೆ ಯೆಲ್ಲೋ ಓಕರ್ ಸೇರಿಸಿ ಹಸುವಿನ ಬೆಣ್ಣೆಯ ಬಣ್ಣ ಬರುವಂತೆ ಮಾಡಿಕೊಳ್ಳಿ. ಅದನ್ನು ತೆಳುವಾಗಿ ಎರಡು ಕೈ ಹಚ್ಚಿ ಪೂರ್ತಿ ಒಣಗಲು ಬಿಡಿ. ಅದರ ಮೇಲೆ ನಿಮ್ಮ ಇಷ್ಟದ ಹಳದಿಯನ್ನು ಹಾಲಿನಷ್ಟು ತೆಳು ಮಾಡಿ ಹಚ್ಚಿದರೆ ಎರಡನೇ ಕೈಗೇ ಅದು ಬೆಳಗುತ್ತದೆ. ತಳ ಬರೀ ಬಿಳಿಯಾದರೆ ಹಳದಿ ನಿಂಬೆಯ ಕಡೆ ವಾಲುತ್ತದೆ, ತಳಕ್ಕೆ ಸ್ವಲ್ಪ ಗುಲಾಬಿ ಸೇರಿಸಿದರೆ ಮಾಗಿದ ರಸಬಾಳೆಯ ಕಡೆ. ಶೆಟ್ಟಿ ಅಂಗಡಿಯ ಸೆಟ್ಟಿನಲ್ಲಿ ನಂಜನಗೂಡಿನವರು ರಸಬಾಳೆ ಗೊನೆ ಇಡದೆ ಇರುತ್ತೀರಾ? ಅದಕ್ಕೆ ಈ ಎರಡನೆಯದೇ ಸರಿ. ಕಪ್ಪಿನ ಮೇಲೆ ಮಾತ್ರ ಹಳದಿ ಹಚ್ಚಬೇಡಿ, ಪಾಚಿಗಟ್ಟಿದ ಹಾಗೆ ಹಸಿರಾಗುತ್ತದೆ. ಹುಲಿಯ ಪಟ್ಟೆಯನ್ನು ಯಾವತ್ತೂ ಕೊನೆಗೆ ಎಳೆಯಿರಿ.

ಕೆಂಪಿಗೆ ಅಸ್ತರಿ ಕೆಮ್ಮಣ್ಣು, ಅಂಗಡಿಯ ರೆಡ್ ಆಕ್ಸೈಡ್. ಸಿಪಾಯಿಯ ಕೋಟಿಗೆ ಅದನ್ನು ಮೊದಲು ಹಚ್ಚಿ ಮೇಲೆ ಹೊಳೆಯುವ ಕೆಂಪು ಕೊಟ್ಟರೆ ಬಟ್ಟೆಯ ಮಡಿಕೆಗಳಲ್ಲಿ ಕೆಮ್ಮಣ್ಣು ಉಳಿದು ನೆರಳು ತಾನಾಗಿ ಬರುತ್ತದೆ. ಹೂವಿನಂಥ ತಿಳಿಗೆಂಪು ಬೇಕೆಂದರೆ ಅಸ್ತರಿ ಗುಲಾಬಿ. ನರಸೀಪುರದವರಿಗೆ ಗುಂಜಾ ನರಸಿಂಹನ ಕೈಯ ಗುಲಗಂಜಿ ಗೊತ್ತೇ ಇದೆ. ಕಾಶಿಗಿಂತ ಒಂದು ಗುಲಗಂಜಿ ತೂಕ ಈ ಕ್ಷೇತ್ರದ ಮಹಿಮೆ ಹೆಚ್ಚು ಎಂದು ಹೇಳುವ ಸಲುವಾಗಿ ಸ್ವಾಮಿ ಅದನ್ನು ಹಿಡಿದಿದ್ದಾನೆ ಎಂಬುದು ಸ್ಥಳಪುರಾಣ. ಬೊಂಬೆಯ ಕೈಯಲ್ಲಿ ಅದು ಸಾಸಿವೆಯಷ್ಟಿರುತ್ತದೆ. ಗುಲಾಬಿ ಚುಕ್ಕೆ, ಅದರ ಮೇಲೆ ಕೆಂಪು, ಕೊನೆಗೆ ಕಡ್ಡಿಯ ತುದಿಯಿಂದ ಕರಿ ಮೂತಿ. ಮೊದಲು ಕಪ್ಪು ಹಚ್ಚಿ ಆಮೇಲೆ ಕೆಂಪಿನಿಂದ ಸುತ್ತಲು ಹೊರಟರೆ ಸಂಜೆಯಾದರೂ ಮುಗಿಯದು.

ಚಿನ್ನದ ಬಣ್ಣ ತೆಳ್ಳಗಿನ ಚೂರುಗಳಿಂದ ಆದದ್ದು, ಚೂರುಗಳ ಸಂದಿನಲ್ಲಿ ತಳ ಇಣುಕುತ್ತದೆ. ಅಂಬಾರಿಗೆ, ಕಿರೀಟಕ್ಕೆ ಮೊದಲು ಓಕರ್ ಹಚ್ಚಿಕೊಳ್ಳಿ, ಅರ್ಧ ಡಬ್ಬಿ ಚಿನ್ನ ಉಳಿಯುತ್ತದೆ. ಹೊಳೆಯುವ ಗಿಳಿಹಸಿರು, ಟ್ಯೂಬ್‌ಲೈಟ್ ಗುಲಾಬಿಯಂಥ ಫ್ಲೋರೊಸೆಂಟ್ ಬಣ್ಣಗಳಿಗೆ ಬಿಳಿ ತಳ ಬಿಟ್ಟರೆ ಗತಿಯಿಲ್ಲ, ಬಿಸಿಲಿಗೆ ಬೇಗ ಸೋಲುತ್ತವೆ ಕೂಡ. ನನ್ನ ಅಭಿಪ್ರಾಯ ಕೇಳಿದರೆ ಮರಪಾಚಿ, ಪಟ್ಟದ ಬೊಂಬೆಗಳ ಸಾಲಿನಲ್ಲಿ ಅವಕ್ಕೆ ಕೆಲಸವೇ ಇಲ್ಲ.

ಎಲ್ಲ ಬಿಳಿಯೂ ಕೂರುವುದಿಲ್ಲ ಎಂದು ಕಣ್ಣು ಬಿಡಿಸುವಾಗ ತಿಳಿಯುತ್ತದೆ. ಗೋಧಿಬಣ್ಣದ ಮುಖದ ಮೇಲೆ ಜಿಂಕ್ ವೈಟ್ ಇಟ್ಟರೆ ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ. ಟ್ಯೂಬಿನ ಮೇಲೆ ಟೈಟಾನಿಯಂ ಎಂದಿದೆಯೇ ನೋಡಿ ತೆಗೆದುಕೊಳ್ಳಿ. ಅದಕ್ಕೂ ಒಂದು ಹನಿ ಓಕರ್ ಸೇರಿಸಿ, ಅಚ್ಚ ಬಿಳಿಯ ಕಣ್ಣು ಬೆದರಿದ ಕಣ್ಣು.

ಕೊಳ್ಳುವಾಗ ಇನ್ನೊಂದು. ಚಿತ್ರಕಾರರ ಟ್ಯೂಬುಗಳ ಮೇಲೆ ಒಂದು ಪುಟ್ಟ ಚೌಕ ಅಚ್ಚಾಗಿರುತ್ತದೆ. ಚೌಕ ಖಾಲಿಯಿದ್ದರೆ ಬಣ್ಣ ಪಾರದರ್ಶಕ, ಅರ್ಧ ತುಂಬಿದ್ದರೆ ನಡುವಣದು, ಪೂರ್ತಿ ತುಂಬಿದ್ದರೆ ಮುಚ್ಚುವಂಥದ್ದು. ಪಕ್ಕದಲ್ಲೇ ಒಂದು ಸಂಕೇತ: ಪಿಡಬ್ಲ್ಯೂ 6 ಎಂದರೆ ಟೈಟಾನಿಯಂ ಬಿಳಿ, ಪಿವೈ 42 ಕಬ್ಬಿಣದ ಹಳದಿ, ಪಿಆರ್ 101 ಕಬ್ಬಿಣದ ಕೆಂಪು. ಈ ಮೂರು ಮನೆಯಲ್ಲಿದ್ದರೆ ಉಳಿದದ್ದು ಯಾವ ಡಬ್ಬಿಯದಾದರೂ ನಡೆಯುತ್ತದೆ. ಪಿವೈ 184 ಎಂಬ ಬಿಸ್ಮತ್ ಹಳದಿ ಸೀಸವಿಲ್ಲದೆಯೂ ಚೆನ್ನಾಗಿ ಮುಚ್ಚುತ್ತದೆ, ಬೆಲೆ ಮಾತ್ರ ಬೊಂಬೆಗಿಂತ ಜಾಸ್ತಿ. ಮಕ್ಕಳ ಡಬ್ಬಿಗಳ ಮೇಲೆ ಈ ಗುರುತುಗಳು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಒಂದು ಕಾಗದದ ಮೇಲೆ ಪೆನ್ನಿನಲ್ಲಿ ಕಪ್ಪು ಗೀಟೆಳೆದು ಅದರ ಮೇಲೆ ಬಣ್ಣ ಹಚ್ಚಿ ನೋಡುವುದೇ ಪರೀಕ್ಷೆ. ಬಣ್ಣದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೆಸರೇನೂ ಕಡಿಮೆಯಿಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಕೊಡುತ್ತಿರುವುದು. ಬೆರಳಿಗೆ ಹಿಡಿದಿದ್ದು ಬೊಂಬೆಗೆ ಹಿಡಿಯುತ್ತಿಲ್ಲ ಅಷ್ಟೆ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ದಪ್ಪ ಬಣ್ಣದ ಈ ಮೋಹ ನಮಗೆ ಎಲ್ಲಿಂದ ಬಂತು? ನನಗನ್ನಿಸುವಂತೆ ಗೋಪುರದಿಂದ. ಶ್ರೀಕಂಠೇಶ್ವರ ದೇವಾಲಯದ ಏಳು ಅಂತಸ್ತಿನ, 120 ಅಡಿಯ ಗೋಪುರವನ್ನು ನಾವು ಕತ್ತೆತ್ತಿ ನೋಡುತ್ತೇವೆ. ಆ ಎತ್ತರದಲ್ಲಿರುವ ಗಾರೆಯ ಮೂರ್ತಿ ಕೆಳಗಿನವರಿಗೆ ಕಾಣಬೇಕಾದರೆ ಬಣ್ಣ ಗಟ್ಟಿಯಾಗಿರಬೇಕು, ಗೆರೆ ದಪ್ಪವಾಗಿರಬೇಕು, ಹಳದಿ ಕಣ್ಣು ಕುಕ್ಕಬೇಕು. ಅಲ್ಲಿಗೆ ಅದು ಸರಿ. ಆದರೆ ಆರು ಇಂಚಿನ ಬೊಂಬೆಯನ್ನು ನೋಡುವುದು ಮೊಣಕಾಲೂರಿ, ಒಂದು ಗೇಣು ದೂರದಿಂದ. ಅದರ ರೆಪ್ಪೆಯ ಗೀರು ಅರ್ಧ ಮಿಲಿಮೀಟರ್ ಕೂಡ ಆಳವಿರುವುದಿಲ್ಲ, ಅದು ಮಾಯವಾಗಲು ಎರಡು ಕೈ ದಪ್ಪ ಎನಾಮೆಲ್ ಸಾಕು. ನರಸೀಪುರ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರಕ್ಕೆ ಹೋಗಿ ಬನ್ನಿ. 13ನೇ ಶತಮಾನದ ಆ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮ ಮತ್ತವನ ಜೊತೆಗಾರರು ಬಳಪದ ಕಲ್ಲಿನಲ್ಲಿ ಕೊರೆದ ಬಳೆ, ಸರ, ಉಗುರುಗಳನ್ನು ನೋಡಲು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಇನ್ನಷ್ಟು ಜನ ಬರುತ್ತಿದ್ದಾರೆ. ಅದಕ್ಕೆ ಯಾರಾದರೂ ಎನಾಮೆಲ್ ಬಳಿದರೆ ನಾವು ಸುಮ್ಮನಿರುತ್ತೇವೆಯೇ? ಪಣ್ರುಟಿಯಲ್ಲೋ ಕೊಂಡಪಲ್ಲಿಯಲ್ಲೋ ಹೆಸರಿಲ್ಲದ ಒಬ್ಬ ಕುಶಲಕರ್ಮಿ ನಿಮ್ಮ ಮನೆಯ ಯಶೋದೆಯ ತುಟಿಯಂಚಿಗೆ ಕೊಟ್ಟ ಒಂದು ಸಣ್ಣ ತಿರುವಿಗೂ ಅದೇ ಮರ್ಯಾದೆ ಸಲ್ಲಬೇಕು.

ಆದ್ದರಿಂದ ಎಲ್ಲವನ್ನೂ ಬಳಿಯಲು ಹೊರಡಬೇಡಿ. ಮಾಸಿದ್ದು ಕೆಟ್ಟದ್ದಲ್ಲ. ಬಣ್ಣ ಉದುರಿ ಮಣ್ಣು ಕಾಣುತ್ತಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಅಸ್ತರಿ, ಅಷ್ಟಕ್ಕೆ ಮಾತ್ರ ಬಣ್ಣ. ಬೊಂಬೆಯ ಹಿಂಬದಿಯಲ್ಲಿ, ಪೀಠದ ಸಂದಿಯಲ್ಲಿ ಮೊದಲ ಬಣ್ಣ ಎಲ್ಲಾದರೂ ಉಳಿದಿರುತ್ತದೆ, ಅದನ್ನು ಹುಡುಕಿ ಅದಕ್ಕೆ ಹೊಂದಿಸಿ. ಸೀರೆಯ ಬಣ್ಣ ಈ ವರ್ಷದ ಫ್ಯಾಷನ್ನಿಗೆ ಬದಲಾಗಬೇಕೆಂಬ ಆಸೆ ಇದ್ದರೆ ಪಟ್ಟದ ಬೊಂಬೆಗೆ ಹೊಸ ಸೀರೆ ಉಡಿಸಿ, ಮಣ್ಣಿನ ಬೊಂಬೆಯನ್ನು ಬಿಟ್ಟುಬಿಡಿ. ಅರಮನೆಯ ಗೊಂಬೆ ತೊಟ್ಟಿಯಲ್ಲಿ ನಿಂತು ನೋಡುವವರು ಹಳೆಯ ಬೊಂಬೆಗಳನ್ನು ಮೆಚ್ಚುವುದು ಅವು ಹೊಸದಾಗಿ ಕಾಣುತ್ತವೆಂದಲ್ಲ.

ಹಚ್ಚುವುದೇ ಆದರೆ ತೆಳ್ಳಗೆ, ತಾಳ್ಮೆಯಿಂದ. ಅರ್ಧ ಒಣಗಿದ ಬಣ್ಣದ ಮೇಲೆ ಕುಂಚ ಮತ್ತೆ ಎಳೆದರೆ ಕೆಳಗಿನದು ಎದ್ದು ಬರುತ್ತದೆ, ತಳ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರಿಗೆ ಕರಗುತ್ತದೆ, ಹಾಗಾಗಿ ಅಸ್ತರಿಗೆ ಅಕ್ರಿಲಿಕ್ಕೇ ಇರಲಿ. ನಮ್ಮ ಎರಡೂ ಊರು ನದೀತೀರದವು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟು ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆ ಮುಚ್ಚುವಂಥ ಮಳೆಗಾಲಗಳಲ್ಲಿ ಗೋಡೆಗಳಿಗೇ ಥಂಡಿ ಹಿಡಿದಿರುತ್ತದೆ, ಟ್ರಂಕಿನೊಳಗಿನ ಮಣ್ಣಿನ ಬೊಂಬೆಗೆ ಹಿಡಿಯದೆ ಇರುತ್ತದೆಯೇ? ಥಂಡಿ ಆರದ ಮಣ್ಣಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಮೂರು ತಿಂಗಳಿಗೆ ಹಕ್ಕಳೆ ಏಳುತ್ತದೆ. ಮಹಾಲಯ ಅಮಾವಾಸ್ಯೆಯ ಹಿಂದಿನ ರಾತ್ರಿ ಕುಂಚ ಹಿಡಿಯುವ ಪದ್ಧತಿ ಬಿಡಿ. ಗಣೇಶನ ಹಬ್ಬ ಮುಗಿದ ಕೂಡಲೇ ಟ್ರಂಕು ಇಳಿಸಿ, ಬೊಂಬೆಗಳನ್ನು ನೆರಳಲ್ಲಿ ಗಾಳಿಗಿಟ್ಟು ಒಣಗಿಸಿ.

ಒಡೆದುಹೋದ, ಇನ್ನು ಕೂರಿಸಲಾಗದ ಬೊಂಬೆಗಳನ್ನು ನದಿಗೆ ಬಿಡುವ ರೂಢಿಯ ಬಗ್ಗೆಯೂ ಒಂದು ಮಾತು. ಹಳೆ ಬಣ್ಣದ ಸೀಸ, ಪಾದರಸವನ್ನು ಕಪಿಲೆಗೋ ತಿರುಮಕೂಡಲಿನ ಸಂಗಮಕ್ಕೋ ಸೇರಿಸುವುದು ಭಕ್ತಿಯಲ್ಲ. ವಿಗ್ರಹಗಳಿಗೆ ವಿಷಕಾರಿ ಬಣ್ಣ ಬಳಸಕೂಡದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಹೇಳಿರುವುದು ಈ ಕಾರಣಕ್ಕೇ. ಅಂಥ ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲೇ ಇಡಿ, ಜಾಗವೇನೂ ಬಹಳ ಬೇಡ.

ಕಡೆಯದಾಗಿ ಎರಡು ಕೋರಿಕೆ. ಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳೇ, ಮೇಡಂಗಳೇ, ಮಹಿಳಾ ಸಂಘದವರೇ, ಪ್ರತಿ ಮನೆಯವರೂ ಟೈಟಾನಿಯಂ ಬಿಳಿ, ಓಕರ್, ರೆಡ್ ಆಕ್ಸೈಡ್ ಬೇರೆ ಬೇರೆ ಕೊಳ್ಳುವ ಬದಲು ಬೀದಿಗೊಂದು ದೊಡ್ಡ ಡಬ್ಬಿ ತಂದು ಹಂಚಿಕೊಳ್ಳಿ. ಒಂದು ಬೊಂಬೆಗೆ ಬೇಕಾಗುವುದು ಚಮಚದಷ್ಟು. ಮತ್ತೆ, ಬಣ್ಣ ಮುಟ್ಟಿಸಿದ ಪ್ರತಿ ಬೊಂಬೆಯ ಪೀಠದ ಅಡಿಯಲ್ಲಿ ಯಾವ ಬಣ್ಣ, ಯಾವ ವರ್ಷ ಎಂದು ಪೆನ್ಸಿಲ್‌ನಲ್ಲಿ ಬರೆದಿಡಿ. ಮುಂದೆ ಅದನ್ನು ಇಳಿಸುವವರಿಗೆ ಎಲ್ಲಿ ಉಜ್ಜಬಾರದು, ಎಲ್ಲಿ ಹಚ್ಚಬೇಕು ಎಂಬುದು ಗೊತ್ತಾಗಬೇಕು.

ಇಂತು ನಿಮ್ಮವನು,
ಬೊಂಬೆ ಕೂರಿಸುವ ಮನೆಯವನೊಬ್ಬ